ಪಟಾಕಿಗೆ ಮಂಗ ಯಾಕೆ ಬಗ್ಗುವುದಿಲ್ಲ? ಕಲಿಕೆಯ ಬಗ್ಗೆ ಮನೋವಿಜ್ಞಾನ ಹೇಳುವುದು

ಮೊದಲ ದಿನ ಪಟಾಕಿ ಸಿಡಿದರೆ ಮಂಗನ ಹಿಂಡು ತೋಟ ಬಿಟ್ಟು ಗುಡ್ಡ ಹತ್ತುತ್ತದೆ. ನಾಲ್ಕನೆಯ ದಿನ ಬೇಲಿಯಾಚೆಯ ಹಲಸಿನ ಮರದವರೆಗೆ ಮಾತ್ರ ಹೋಗಿ ಕೂರುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ, ಹೊಗೆ ಆರುವ ಮೊದಲೇ ಗಡವವೊಂದು ಬಾಳೆಗೊನೆಗೆ ಕೈ ಹಾಕಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದವರು ಇದಕ್ಕೆ ಒಂದೇ ಮಾತಿನ ಷರಾ ಬರೆಯುತ್ತಾರೆ: 'ಮಂಗ ಕಲ್ತುಬಿಟ್ಟಿದೆ.'

ಮನೋವಿಜ್ಞಾನಿಯನ್ನು ಕೇಳಿದರೂ ಬರುವ ಉತ್ತರ ಅದೇ. ಆದರೆ ಅವರು ಅಲ್ಲಿಗೆ ನಿಲ್ಲದೆ, ಯಾವ ಬಗೆಯ ಕಲಿಕೆ ಎಂದು ಕೇಳುತ್ತಾರೆ. ಒಗ್ಗಿಕೊಳ್ಳುವುದು ಒಂದು ಬಗೆ, ಗುರುತು ಹಿಡಿಯುವುದು ಇನ್ನೊಂದು, ಫಲ ನೋಡಿ ಮಾಡುವುದು ಮತ್ತೊಂದು. ಪ್ರತಿಯೊಂದಕ್ಕೂ ಅದರದೇ ನಿಯಮಗಳಿವೆ. ಯಾವ ನಿಯಮ ನಡೆಯುತ್ತಿದೆ ಎಂದು ತಿಳಿಯದೆ ಹೂಡಿದ ಉಪಾಯಕ್ಕೆ ಹಾಕಿದ ದುಡ್ಡು ದಂಡ.

ಯಾವುದಕ್ಕೆ ಕಲಿಕೆ ಎನ್ನಬೇಕು

ನಮ್ಮ ಮಾತಿನಲ್ಲಿ ಕಲಿಕೆ ಎಂದರೆ ಶಾಲೆ, ಪುಸ್ತಕ, ಪರೀಕ್ಷೆ. ಮನೋವಿಜ್ಞಾನದ ವ್ಯಾಖ್ಯೆ ಇದಕ್ಕಿಂತ ಅಗಲ: ಅನುಭವದ ಫಲವಾಗಿ ವರ್ತನೆಯಲ್ಲೋ, ವರ್ತಿಸುವ ಸಾಮರ್ಥ್ಯದಲ್ಲೋ ಆಗುವ, ಸ್ವಲ್ಪ ಕಾಲವಾದರೂ ಉಳಿಯುವ ಬದಲಾವಣೆಯೇ ಕಲಿಕೆ.

ಈ ವ್ಯಾಖ್ಯೆ ಕೆಲವನ್ನು ಹೊರಗಿಡುತ್ತದೆ. ಹುಟ್ಟಿದ ಕರು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವುದು ಕಲಿಕೆಯಲ್ಲ, ಹುಟ್ಟಿನಿಂದ ಬಂದದ್ದು. ಹದಿಹರೆಯದ ಹುಡುಗನ ದನಿ ಒಡೆಯುವುದು ಪರಿಪಕ್ವನ, ಅಂದರೆ ಬೆಳವಣಿಗೆ. ದಿನವಿಡೀ ಅಡಿಕೆ ಸುಲಿದವರ ಕೈ ಸಂಜೆಗೆ ನಿಧಾನವಾಗುವುದು ದಣಿವು. ನಿದ್ದೆ ಮಾಡಿ ಎದ್ದರೆ ಹೋಗುತ್ತದೆ. ಇನ್ನೊಂದು ಸಂಗತಿ ಎಂದರೆ, ಒಳ್ಳೆಯದು ಕೆಟ್ಟದ್ದು ಎಂಬ ವಿಂಗಡಣೆ ಈ ವ್ಯಾಖ್ಯೆಯಲ್ಲಿ ಇಲ್ಲವೇ ಇಲ್ಲ. ಮಗ್ಗಿ ಬಾಯಿಪಾಠ ಮಾಡಿದ್ದು ಎಷ್ಟು ಕಲಿಕೆಯೋ, ಕವಳದ ಚಟ ಹತ್ತಿಸಿಕೊಂಡದ್ದೂ ಅಷ್ಟೇ ಕಲಿಕೆ.

ಒಗ್ಗಿಕೊಳ್ಳುವುದು: ಎಲ್ಲಕ್ಕಿಂತ ಸರಳ ಕಲಿಕೆ

ಜುಲೈ ತಿಂಗಳಲ್ಲಿ ಆಗುಂಬೆಗೆ ಬಂದ ನೆಂಟರಿಗೆ ಮೊದಲ ರಾತ್ರಿ ಹೆಂಚಿನ ಮೇಲಿನ ಮಳೆಯ ಸದ್ದಿಗೆ ನಿದ್ದೆ ಹತ್ತುವುದಿಲ್ಲ. ಮನೆಯವರಿಗೆ ಆ ಸದ್ದು ಕೇಳಿಸಿದ್ದೂ ಗೊತ್ತಾಗುವುದಿಲ್ಲ. ಮತ್ತೆ ಮತ್ತೆ ಬರುವ, ಆದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ತರದ ಪ್ರಚೋದನೆಗೆ ಪ್ರತಿಕ್ರಿಯೆ ಕಡಿಮೆಯಾಗುತ್ತ ಹೋಗುವುದೇ ಒಗ್ಗಿಕೊಳ್ಳುವಿಕೆ. ಪಟಾಕಿಯ ವಿಷಯದಲ್ಲಿ ಮಂಗಕ್ಕೆ ಆಗಿರುವುದೂ ಇದೇ. ಸದ್ದು ಬಂತು, ಆಮೇಲೆ ಏನೂ ಆಗಲಿಲ್ಲ. ಹೀಗೆ ಹತ್ತಾರು ಸಲ ಆದ ಮೇಲೆ ಆ ಸದ್ದು ಬರೀ ಸದ್ದು.

ಕಿವಿ ದಣಿದು ಹೀಗಾಗುತ್ತದೆಯೇ ಎಂದು ಕೇಳಬಹುದು. ಪಟಾಕಿ ಬಿಟ್ಟು ಕೋವಿಯ ಈಡು ಹೊಡೆದು ನೋಡಿ, ಅದೇ ಮಂಗ ದಿಗಿಲುಬಿದ್ದು ಓಡುತ್ತದೆ. ಅಂದರೆ ಕಿವಿ ಸರಿಯಿದೆ. 'ಈ ಒಂದು ಸದ್ದು ಲೆಕ್ಕಕ್ಕಿಲ್ಲ' ಎಂಬುದನ್ನಷ್ಟೇ ಅದು ಕಲಿತಿದೆ. ಪ್ರಚೋದನೆ ಸೌಮ್ಯವಾಗಿದ್ದಷ್ಟೂ, ಪದೇ ಪದೇ ಬಂದಷ್ಟೂ ಪ್ರಾಣಿ ಬೇಗ ಒಗ್ಗುತ್ತದೆ. ಕೆಲವು ವಾರ ಬಿಡುವು ಕೊಟ್ಟರೆ ಹಳೆಯ ಬೆದರಿಕೆ ಸ್ವಲ್ಪ ಮರಳುತ್ತದೆ, ಆದರೆ ಎರಡನೆಯ ಸಲ ಒಗ್ಗುವುದು ಇನ್ನೂ ಬೇಗ.

ಇದಕ್ಕೆ ದೊಡ್ಡ ಮಿದುಳೂ ಬೇಡ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಸುಮಾರು 20,000 ನರಕೋಶಗಳಷ್ಟೇ ಇರುವ ಅಪ್ಲೀಸಿಯಾ ಎಂಬ ಕಡಲ ಗೊಂಡೆಹುಳುವಿನಲ್ಲಿ ಇದನ್ನು ತೋರಿಸಿದರು. ಮೈ ಮುಟ್ಟಿದರೆ ಅದು ಕಿವಿರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ, ಒಂದು ನರಕೋಶ ಮುಂದಿನದಕ್ಕೆ ದಾಟಿಸುವ ರಾಸಾಯನಿಕದ ಪ್ರಮಾಣ ಇಳಿಯುತ್ತ ಹೋಗಿ, ಎಳೆದುಕೊಳ್ಳುವುದೂ ಕಡಿಮೆಯಾಗುತ್ತದೆ. ಕಲಿಕೆ ಮತ್ತು ನೆನಪು ನರಕೋಶಗಳ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸಿದ ಈ ಕೆಲಸಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಇದರ ವಿರುದ್ಧದ ಬಗೆಯೂ ಉಂಟು. ಪ್ರಚೋದನೆ ಬಹಳ ಜೋರಾಗಿದ್ದು ತಪ್ಪಿಸಿಕೊಳ್ಳಲು ದಾರಿಯಿಲ್ಲದಿದ್ದರೆ ಒಗ್ಗುವ ಬದಲು ಅಂಜಿಕೆ ಏರುತ್ತದೆ. ದೀಪಾವಳಿಯಲ್ಲಿ ಸರಪಳಿ ಕಟ್ಟಿಸಿಕೊಂಡ ಎಷ್ಟೋ ನಾಯಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ನಡುಗುವುದು ಹೀಗೆ. ಮಂಗಕ್ಕೆ ಮರವಿದೆ, ಗುಡ್ಡವಿದೆ, ಸರಪಳಿಯಿಲ್ಲ.

2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ಸುದ್ದಿಯಾಗಿತ್ತು. ಓದಿ ನಕ್ಕವರೇ ಹೆಚ್ಚು. ಆದರೆ ಒಗ್ಗುವಿಕೆಯ ಲೆಕ್ಕದಲ್ಲಿ ಅದು ಹುಲಿಗೊಂಬೆಗಿಂತ ಒಂದು ಮೆಟ್ಟಿಲು ಮೇಲಿನ ಉಪಾಯ. ಗೊಂಬೆ ಒಂದೇ ಕಡೆ ನಿಂತಿರುತ್ತದೆ, ಅಲುಗುವುದಿಲ್ಲ, ಬಿಸಿಲಿಗೆ ಬಣ್ಣ ಬಿಡುತ್ತದೆ. ನಾಯಿ ಜಾಗ ಬದಲಿಸುತ್ತದೆ, ಬೊಗಳುತ್ತದೆ, ಅಟ್ಟಿಸಿಕೊಂಡೂ ಹೋಗುತ್ತದೆ. ಬೆದರುಬೊಂಬೆಯನ್ನೇ ನಂಬಿದವರು ಅದರ ಜಾಗ ಮತ್ತು ಅಂಗಿಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸುವುದು, ಮಂಗ ಬರುವ ಹಂಗಾಮು ಮುಗಿದ ಕೂಡಲೇ ಕಿತ್ತು ಅಟ್ಟಕ್ಕೆ ಹಾಕುವುದು ಒಳ್ಳೆಯದು. ಮಂಗ ಇಲ್ಲದ ಹೊತ್ತಿನಲ್ಲಿ 'ಮುನ್ನೆಚ್ಚರಿಕೆಗೆ' ಎಂದು ಹೊಡೆಯುವ ಪಟಾಕಿ ಗುಡ್ಡದ ಮೇಲೆ ಕೂತ ಮಂಗಕ್ಕೆ ಉಚಿತ ತರಬೇತಿ.

ಬಕೆಟ್ ಸದ್ದಿಗೆ ಹಾಲಿಳಿಯುವುದು

ಬೆಳಗಿನ ಜಾವ ಕೊಟ್ಟಿಗೆ ಕಡೆ ಬಕೆಟ್ಟು ಕಣಕಣ ಎಂದರೆ ಹಸು ಕತ್ತೆತ್ತುತ್ತದೆ. ಕರು ಬಿಡುವ ಮೊದಲೇ, ಹಿಂಡಿ ಕಲಸುವ ಸದ್ದಿಗೇ ಕೆಲವು ಹಸುಗಳ ಮೊಲೆಯಲ್ಲಿ ಹಾಲು ತೊಟ್ಟಿಕ್ಕುತ್ತದೆ. ಕೆಚ್ಚಲು ಮುಟ್ಟಿದಾಗ, ಕರು ಉಣ್ಣುವಾಗ ಹಾಲಿಳಿಯುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಬಕೆಟ್ ಸದ್ದಿಗೆ ಇಳಿಯುವುದು ಕಲಿತದ್ದು.

ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಕಂಡದ್ದು ಇದನ್ನೇ. ಅವರು ಮನೋವಿಜ್ಞಾನಿಯಲ್ಲ, ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ಶರೀರಶಾಸ್ತ್ರಜ್ಞ. ಆಹಾರ ಬಾಯಿಗೆ ಬೀಳುವ ಮೊದಲೇ, ಆಹಾರ ತರುವವರನ್ನು ಕಂಡೇ ನಾಯಿಗಳು ಜೊಲ್ಲು ಸುರಿಸಿ ಪ್ರಯೋಗದ ಲೆಕ್ಕ ಕೆಡಿಸುತ್ತಿದ್ದವು. ಪಾವ್ಲೋವ್ ಆ ಕೆಟ್ಟ ಲೆಕ್ಕವನ್ನೇ ಸಂಶೋಧನೆ ಮಾಡಿದರು. ಮೆಟ್ರೋನೋಮ್ ಎಂಬ ತಾಳಯಂತ್ರದ ಸದ್ದು, ಆಮೇಲೆ ಆಹಾರ. ಹೀಗೆ ಹಲವು ಸಲ ಜೋಡಿಸಿದ ಮೇಲೆ ಬರೀ ಸದ್ದಿಗೇ ಜೊಲ್ಲು ಬಂತು. ಬಿ.ಎಡ್. ಪುಸ್ತಕಗಳಲ್ಲಿ ಇದರ ಹೆಸರು ಅಭಿಜಾತ ಅನುಬಂಧನ. ಹೆಸರು ಭಾರವಾಗಿದೆ, ವಿಷಯ ಹಗುರ: ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ ಎಂದು ದೇಹ ಗುರುತಿಟ್ಟುಕೊಳ್ಳುವುದು.

ಇಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಕ್ರಮದಲ್ಲಿ. ಗುರುತು ಮೊದಲು ಬರಬೇಕು, ಫಲ ಬೆನ್ನಿಗೇ ಬರಬೇಕು. ಹಿಂಡಿ ಇಟ್ಟಾದ ಮೇಲೆ ಬಕೆಟ್ ಬಡಿದರೆ ಆ ಸದ್ದಿಗೆ ಬೆಲೆಯಿಲ್ಲ. ಇಡೀ ದಿನ ಬಕೆಟ್ ಸದ್ದು ಕೇಳುತ್ತಿದ್ದು ಹಿಂಡಿ ಮಾತ್ರ ಎರಡು ಹೊತ್ತು ಸಿಗುತ್ತಿದ್ದರೂ ಅಷ್ಟೇ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ರೆಸ್ಕೋರ್ಲಾ ತೋರಿಸಿದಂತೆ, ಎರಡು ಸಂಗತಿಗಳು ಒಟ್ಟಿಗೆ ಬಂದರೆ ಸಾಲದು; ಮೊದಲನೆಯದು ಎರಡನೆಯದರ ಸುಳಿವು ಕೊಡಬೇಕು.

ಆಗುಂಬೆ ಘಾಟಿಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕಾರಿಳಿದವರ ಕೈಯಿಂದ ಮಂಗ ಅದನ್ನೇ ಕಸಿಯುವುದಕ್ಕೆ ವಿವರಣೆ ಇಲ್ಲಿದೆ. ಕವರಿನಲ್ಲಿ ಔಷಧಿ ಇರಲಿ, ಒದ್ದೆ ಬಟ್ಟೆ ಇರಲಿ, ಅದರ ಸರಪರ ಸದ್ದು ಮಂಗಕ್ಕೆ ತಿಂಡಿಯ ಸುಳಿವು.

ಕಲಿತ ಗುರುತು ಅಳಿಯುತ್ತದೆಯೇ? ಸದ್ದು ಮಾಡುತ್ತ ಆಹಾರ ಕೊಡದೇ ಹೋದರೆ ಜೊಲ್ಲು ನಿಲ್ಲುತ್ತದೆ. ಆದರೆ ಸ್ವಲ್ಪ ಬಿಡುವಿನ ನಂತರ ಅದೇ ಸದ್ದು ಕೇಳಿಸಿದಾಗ ಅದು ತಾನಾಗಿ ಮರಳಿದ್ದನ್ನು ಪಾವ್ಲೋವ್ ಕಂಡರು. ಹಳೆಯ ಕಲಿಕೆ ಅಳಿದುಹೋಗಿರುವುದಿಲ್ಲ, ಅದರ ಮೇಲೆ ಹೊಸದೊಂದು ಕೂತಿರುತ್ತದೆ. ಹೋಯಿತೆಂದುಕೊಂಡ ಹಳೆಯ ಭಯ ಯಾವುದೋ ಒಂದು ದಿನ ತಟ್ಟನೆ ಎದ್ದು ಕೂರುವುದು ಇದರಿಂದಲೇ.

ಫಲ ನೋಡಿ ಮಾಡುವುದು

ಹಾಲಿಳಿಸುವುದು ಹಸುವಿನ ಇಚ್ಛೆಗೆ ಬಿಟ್ಟದ್ದಲ್ಲ. ಬೇಲಿ ನುಗ್ಗುವುದು ಅದರ ಇಚ್ಛೆಗೇ ಬಿಟ್ಟದ್ದು. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಆಹಾರ ಇಟ್ಟರು. ಪರಚಿ, ಕಚ್ಚಿ, ತೂರಲು ನೋಡಿ, ಕೊನೆಗೆ ಆಕಸ್ಮಿಕವಾಗಿ ಚಿಲಕದ ದಾರ ಎಳೆದು ಬೆಕ್ಕು ಹೊರಬರುತ್ತಿತ್ತು. ಸಲದಿಂದ ಸಲಕ್ಕೆ ವ್ಯರ್ಥ ಪರಚಾಟ ಕಡಿಮೆಯಾಗಿ, ಹೊರಬರುವ ಹೊತ್ತು ಇಳಿಯಿತು. ಹಿತವಾದ ಫಲ ಕೊಟ್ಟ ಕ್ರಿಯೆ ಉಳಿಯುತ್ತದೆ, ಉಳಿದವು ಉದುರುತ್ತವೆ ಎಂಬ 'ಪರಿಣಾಮ ನಿಯಮ' ಬಂದದ್ದು ಹೀಗೆ. ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಇದನ್ನೇ ಬೆಳೆಸಿ ಅಳತೆಗೆ ತಂದರು. ಇದು ಕ್ರಿಯಾಜನ್ಯ ಅನುಬಂಧನ. ಕ್ರಿಯೆಯನ್ನು ಗಟ್ಟಿಮಾಡುವ ಫಲಕ್ಕೆ ಪುನರ್ಬಲನ ಎಂದು ಹೆಸರು.

ಇದು ಬರಿಗಣ್ಣಿಗೆ ಕಾಣುವುದು ಪಳಗಿದ ಆನೆಗಳಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ತುಂಗೆಯ ಹಿನ್ನೀರಿನ ದಂಡೆಗಿರುವ ಸಕ್ರೆಬೈಲು ಬಿಡಾರಕ್ಕೆ ಹೋದವರು ಮಾವುತನ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಅವನ ಕಾಲ್ಬೆರಳನ್ನು ನೋಡುವುದಿಲ್ಲ. ಆನೆಯ ಕಿವಿಯ ಹಿಂದೆ ಮಾವುತ ಕಾಲ್ಬೆರಳಿನಿಂದ ಒತ್ತುತ್ತಾನೆ. ಆನೆ ಬೇಕಾದತ್ತ ತಿರುಗಿದ ಕ್ಷಣ ಒತ್ತು ಬಿಡುತ್ತಾನೆ. ಒತ್ತು ಹೋಗುವುದೇ ಫಲ. ಇದು ಋಣಾತ್ಮಕ ಪುನರ್ಬಲನ. ಇದನ್ನು ಶಿಕ್ಷೆ ಎಂದುಕೊಳ್ಳುವುದು ಪರೀಕ್ಷೆ ಬರೆಯುವವರೂ ಮಾಡುವ ತಪ್ಪು. ಶಿಕ್ಷೆ ಕ್ರಿಯೆಯನ್ನು ಕುಗ್ಗಿಸುತ್ತದೆ. ಇಲ್ಲಿ ಬೇಡದ್ದೊಂದು ತೊಲಗಿ ಕ್ರಿಯೆ ಹೆಚ್ಚುತ್ತದೆ. ಬೆಲ್ಲ ಕೊಟ್ಟು ಹೆಚ್ಚಿಸಿದರೆ ಅದು ಧನಾತ್ಮಕ ಪುನರ್ಬಲನ.

ಆನೆ ತಾನಾಗಿ ಎಂದೂ ಮಾಡದ ಕೆಲಸವನ್ನು ಕಲಿಸುವುದು ಹೇಗೆ? ಪಾದ ಪರೀಕ್ಷಿಸಲು ಕಾಲೆತ್ತಿ ಹಿಡಿಯಬೇಕು ಎಂದಿಟ್ಟುಕೊಳ್ಳಿ. ಆಜ್ಞೆ ಹೇಳಿ ಕಾಲಿಗೆ ತಟ್ಟಿದಾಗ ಮೈಭಾರ ಇನ್ನೊಂದು ಕಾಲಿಗೆ ಸರಿದರೂ ಸಾಕು, ಬೆಲ್ಲದ ಚೂರು. ಅದು ನಿಶ್ಚಿತವಾದ ಮೇಲೆ ಬರೀ ಭಾರ ಸರಿಸಿದ್ದಕ್ಕೆ ಇಲ್ಲ, ಹಿಮ್ಮಡಿ ಎದ್ದರೆ ಮಾತ್ರ. ಆಮೇಲೆ ಪಾದ ಪೂರ್ತಿ ನೆಲ ಬಿಟ್ಟರೆ. ಆಮೇಲೆ ಎರಡು ಸೆಕೆಂಡು, ಐದು ಸೆಕೆಂಡು, ಕೊನೆಗೆ ಯಾರಾದರೂ ಮುಟ್ಟಿದರೂ ಹಿಡಿದು ನಿಂತರೆ. ಮೆಟ್ಟಿಲು ಬಹಳ ಎತ್ತರವಾದರೆ ಆನೆ ಕೈಬಿಡುತ್ತದೆ. ಆಗ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಪಾದ ಕೆಳಗಿಟ್ಟ ಮೇಲೆ ಬೆಲ್ಲ ಕೊಟ್ಟರೆ ಆನೆ ಕಲಿಯುವುದು ಪಾದ ಬೇಗ ಕೆಳಗಿಡುವುದನ್ನು. ಈ ವಿಧಾನದಲ್ಲಿ ಅರ್ಧ ಸೋಲು ಬರುವುದು ಬೆಲ್ಲದ ಕೊರತೆಯಿಂದಲ್ಲ, ಹೊತ್ತಿನ ತಪ್ಪಿನಿಂದ.

ಶಿಕ್ಷೆಗೂ ಹೊತ್ತೇ ಮುಖ್ಯ. ಬೆಳಿಗ್ಗೆ ಕೋಳಿ ಹಿಡಿದ ನಾಯಿಗೆ ಸಂಜೆ ಹೊಡೆದರೆ ಅದು ಕಲಿಯುವುದು ಹೊಡೆದವರನ್ನು ಕಂಡು ಅಡಗುವುದನ್ನು. ಕೋಳಿಗೂ ಆ ಹೊಡೆತಕ್ಕೂ ಅದರ ಪಾಲಿಗೆ ಸಂಬಂಧವಿಲ್ಲ. ಸೋಲಾರ್ ಬೇಲಿ ದನಗಳ ಮೇಲೆ ಕೆಲಸ ಮಾಡುವುದು ಅದರ ಪೆಟ್ಟು ತಕ್ಷಣದ್ದು, ಪ್ರತಿ ಸಲದ್ದು, ಮೊದಲ ಸಲವೇ ಜೋರಿನದು ಎಂಬ ಕಾರಣಕ್ಕೆ. ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಕ್ಷಣಮಾತ್ರದ ಹೊಡೆತ. ಒಂದೆರಡು ಸಲ ಮೂಗು ತಾಗಿಸಿದ ದನ ಆಮೇಲೆ ಕರೆಂಟು ಇಲ್ಲದ ದಿನವೂ ಹತ್ತಿರ ಬರುವುದಿಲ್ಲ. ಬಾರದೇ ಇರುವುದರಿಂದಲೇ ಕರೆಂಟು ಇಲ್ಲವೆಂದು ತಿಳಿಯುವ ಅವಕಾಶವೂ ಅದಕ್ಕಿಲ್ಲ.

ಆನೆಗೆ ಈ ಲೆಕ್ಕ ಹಿಡಿಯುವುದಿಲ್ಲ. ದಂತಕ್ಕೆ ಕರೆಂಟು ಹತ್ತುವುದಿಲ್ಲ ಎಂದು ಕಂಡುಕೊಂಡು ದಂತದಿಂದಲೇ ತಂತಿ ಎಳೆದ, ಮರ ಉರುಳಿಸಿ ದಾರಿ ಮಾಡಿಕೊಂಡ ಆನೆಗಳಿವೆ. ಮಳೆಗಾಲದಲ್ಲಂತೂ ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗುತ್ತವೆ, ಕರೆಂಟು ಅವುಗಳ ಮೂಲಕ ನೆಲಕ್ಕಿಳಿದು ಹೊಡೆತದ ಬಲ ಕುಗ್ಗುತ್ತದೆ, ಮೋಡದಿಂದ ಬ್ಯಾಟರಿಯೂ ಪೂರ್ತಿ ತುಂಬುವುದಿಲ್ಲ. ಹೀಗೆ ಒಮ್ಮೆ ಮೆತ್ತಗಿನ ಪೆಟ್ಟು ತಿಂದು ಆಚೆ ಹೋಗಿ ಹೊಟ್ಟೆ ತುಂಬಿಸಿಕೊಂಡ ಪ್ರಾಣಿ ಮುಂದೆ ಜೋರು ಪೆಟ್ಟನ್ನೂ ಸಹಿಸಲು ಕಲಿಯುತ್ತದೆ. ತಂತಿಯಡಿಯ ಹುಲ್ಲು ಸವರುವುದು ಬೇಲಿಯ ಅರ್ಧ ಕೆಲಸ.

ಆಗೊಮ್ಮೆ ಈಗೊಮ್ಮೆ ಸಿಗುವ ಬಾಳೆಹಣ್ಣು

ಪ್ರತಿ ಸಲ ಸಿಗುವ ಫಲಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಗುವ ಫಲ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಕೇಳಿದರೆ ವಿಚಿತ್ರ, ಆದರೆ ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ರಾಶಿ ರಾಶಿ ದಾಖಲೆಗಳು ಪುನರ್ಬಲನದ ಈ ಲೆಕ್ಕಾಚಾರದವೇ. ಪ್ರತಿ ಸಲ ಸಿಗುತ್ತಿದ್ದದ್ದು ನಿಂತರೆ ನಿಂತಿತೆಂದು ಬೇಗ ಗೊತ್ತಾಗುತ್ತದೆ. ಯಾವಾಗಲೋ ಸಿಗುತ್ತಿದ್ದದ್ದು ನಿಂತರೆ ಗೊತ್ತಾಗುವುದೇ ಇಲ್ಲ. ಮುಂದಿನ ಸಲ ಸಿಗಬಹುದು. ಗಾಳ ಹಾಕಿ ತುಂಗೆಯ ದಂಡೆಯಲ್ಲಿ ಕೂತವರು ಏಳದಿರುವುದಕ್ಕೂ, ಐದು ನಿಮಿಷಕ್ಕೊಮ್ಮೆ ಮೊಬೈಲ್ ತೆರೆಯುವುದಕ್ಕೂ ಇದೇ ಕಾರಣ.

ಘಾಟಿಯಲ್ಲಿ ಹತ್ತು ಕಾರಿನಲ್ಲಿ ಒಂದು ಕಾರಿನವರು ಬಾಳೆಹಣ್ಣು ಎಸೆದರೂ ಮಂಗಗಳಿಗೆ ಸಿಗುವುದು ಇದೇ ಬಗೆಯ ತರಬೇತಿ. ಎಲ್ಲರೂ ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಮೊದಲು ವರ್ತನೆ ಕಡಿಮೆಯಾಗುವುದಿಲ್ಲ, ಜೋರಾಗುತ್ತದೆ. ಸ್ವಿಚ್ಚು ಒತ್ತಿದಾಗ ದೀಪ ಹತ್ತದಿದ್ದರೆ ನಾವು ನಾಲ್ಕಾರು ಸಲ ಟಕಟಕ ಒತ್ತುತ್ತೇವಲ್ಲ, ಹಾಗೆ. ಮಂಗ ಕಸಿಯುತ್ತದೆ, ಹಲ್ಲು ಕಿರಿಯುತ್ತದೆ. ಆ ಹೊತ್ತಿನಲ್ಲಿ ಹೆದರಿ ಒಬ್ಬರು ಹಣ್ಣು ಎಸೆದರೂ ಅದು ಕಲಿಯುವುದು ಒಂದೇ: ಸುಮ್ಮನೆ ಕೂತರೆ ಸಿಗದ್ದು ಮೇಲೆ ಬಿದ್ದರೆ ಸಿಗುತ್ತದೆ. ಅಂಗಡಿಯ ಮುಂದೆ ಹಟ ಹಿಡಿದು ಉರುಳಾಡುವ ಮಗುವಿಗೆ ಕೊನೆಯಲ್ಲಿ ಚಾಕಲೇಟು ಕೊಡಿಸುವುದರಲ್ಲೂ ನಡೆಯುವುದು ಇದೇ ವ್ಯಾಪಾರ.

ಎಲ್ಲವನ್ನೂ ಎಲ್ಲದಕ್ಕೂ ಜೋಡಿಸಲಾಗದು

ಯಾವ ಗುರುತನ್ನು ಯಾವ ಫಲಕ್ಕಾದರೂ ಜೋಡಿಸಬಹುದು ಎಂದು ಬಹುಕಾಲ ನಂಬಲಾಗಿತ್ತು. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ ಅದನ್ನು ಅಲುಗಾಡಿಸಿದರು. ಇಲಿಗಳು ಸಿಹಿ ನೀರು ಕುಡಿಯುವಾಗ ಬೆಳಕು ಮಿನುಗಿ ಸದ್ದೂ ಆಗುತ್ತಿತ್ತು. ಆಮೇಲೆ ಕೆಲವಕ್ಕೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ಕರೆಂಟಿನ ಪೆಟ್ಟು ಕೊಟ್ಟರು. ಹೊಟ್ಟೆ ಕೆಟ್ಟವು ರುಚಿಯನ್ನು ದೂರ ಮಾಡಿದವು, ಪೆಟ್ಟು ತಿಂದವು ಬೆಳಕು ಮತ್ತು ಸದ್ದನ್ನು. ಅದಲು ಬದಲಾಗಲಿಲ್ಲ. ರುಚಿಗೂ ಹೊಟ್ಟೆಗೂ ಗಂಟೆಗಳ ಅಂತರವಿದ್ದರೂ ಒಂದೇ ಸಲಕ್ಕೆ ನಂಟು ಬೀಳುತ್ತದೆ. ದೋಸೆ ತಿಂದು ಬಸ್ಸೇರಿ, ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ವಾಂತಿ ಮಾಡಿಕೊಂಡವರಿಗೆ ಆಮೇಲೆ ತಿಂಗಳುಗಟ್ಟಲೆ ಬೇಡವಾಗುವುದು ದೋಸೆ, ಬಸ್ಸಲ್ಲ. ತಪ್ಪು ಬಸ್ಸಿನದೆಂದು ಗೊತ್ತಿದ್ದರೂ ಹೊಟ್ಟೆ ಒಪ್ಪುವುದಿಲ್ಲ.

ಹೆಗ್ಗಣಕ್ಕೆ ವಿಷ ಇಡುವವರು ಸೋಲುವುದು ಇಲ್ಲಿಯೇ. ಹೊಸ ತಿಂಡಿ ಕಂಡರೆ ಹೆಗ್ಗಣ ಚೂರೇ ಚೂರು ತಿಂದು ನೋಡುತ್ತದೆ. ಬೇಗ ಹೊಟ್ಟೆ ಕೆಡಿಸುವ ಜಿಂಕ್ ಫಾಸ್ಫೈಡ್ ಬೆರೆಸಿದ್ದರೆ, ಬದುಕುಳಿದದ್ದು ಮತ್ತೆ ಅದನ್ನು ಮೂಸುವುದೂ ಇಲ್ಲ. ಹಾಗಾಗಿ ಮೊದಲ ಎರಡು ಮೂರು ದಿನ ಎಣ್ಣೆ ಸವರಿದ ಬರೀ ಅಕ್ಕಿನುಚ್ಚು ಇಟ್ಟು ರುಚಿ ಹತ್ತಿಸಿ, ಆಮೇಲೆ ಅದೇ ಜಾಗದಲ್ಲಿ ವಿಷದ ತಿಂಡಿ ಇಡಿ ಎನ್ನುತ್ತಾರೆ ಕೃಷಿ ತಜ್ಞರು. ಉಳಿದ ಹೆಗ್ಗಣಗಳಿಗೆ ಬ್ರೋಮಾಡಿಯೋಲೋನ್ ಬಿಲ್ಲೆ. ಅದರ ಪರಿಣಾಮ ಕೆಲವು ದಿನ ಬಿಟ್ಟು ಬರುವುದರಿಂದ ತಿಂಡಿಗೂ ಸಂಕಟಕ್ಕೂ ನಂಟು ಹಾಕಲು ಹೆಗ್ಗಣಕ್ಕೆ ಆಗುವುದಿಲ್ಲ.

ನೋಡಿ ಕಲಿಯುವುದು, ತಲೆಯಲ್ಲೇ ನಕ್ಷೆ ಹಾಕುವುದು

ಪ್ರತಿ ಮಂಗವೂ ತಾನೇ ಪೆಟ್ಟು ತಿಂದು ಕಲಿಯಬೇಕಿಲ್ಲ. ಪ್ರಯೋಗಾಲಯದಲ್ಲೇ ಬೆಳೆದ ರೀಸಸ್ ಮಂಗಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಬೆಳೆದ ಮಂಗ ಹಾವಿಗೆ ಬೆದರುವುದನ್ನು ನೋಡಿದ ಮೇಲೆ ಅವೂ ಬೆದರತೊಡಗಿದವು ಎಂದು ಸೂಸನ್ ಮಿನೇಕಾ ಮತ್ತು ಮೈಕೆಲ್ ಕುಕ್ 1980ರ ದಶಕದಲ್ಲಿ ತೋರಿಸಿದರು. ವಿಡಿಯೋ ಜೋಡಣೆ ಮಾಡಿ ಹೂವಿಗೆ ಬೆದರಿದಂತೆ ತೋರಿಸಿದಾಗ ಮಾತ್ರ ಹೂವಿನ ಭಯ ಹುಟ್ಟಲಿಲ್ಲ. ಮಕ್ಕಳಲ್ಲಿ ಆಲ್ಬರ್ಟ್ ಬಂಡೂರ 1961ರಲ್ಲಿ ಕಂಡದ್ದೂ ಇದಕ್ಕೆ ಹತ್ತಿರ: ದೊಡ್ಡವರು ಗಾಳಿಗೊಂಬೆಯನ್ನು ಬಡಿಯುವುದನ್ನು ನೋಡಿದ ಮಕ್ಕಳು, ಯಾರೂ ಬಹುಮಾನ ಕೊಡದಿದ್ದರೂ, ಹಾಗೆಯೇ ಬಡಿದರು.

ಫಲ ಸಿಗದೆಯೂ ಕಲಿಕೆ ಒಳಗೊಳಗೇ ನಡೆದಿರಬಹುದು. 1930ರಲ್ಲಿ ಟಾಲ್ಮನ್ ಮತ್ತು ಹಾಂಜಿಕ್ ಒಂದು ಗುಂಪಿನ ಇಲಿಗಳನ್ನು ಹತ್ತು ದಿನ ಆಹಾರವಿಲ್ಲದೆ ಚಕ್ರವ್ಯೂಹದಲ್ಲಿ ಅಲೆಯಲು ಬಿಟ್ಟರು. ಹನ್ನೊಂದನೆಯ ದಿನ ಆಹಾರ ಇಟ್ಟರು. ಮರುದಿನವೇ ಅವು ಮೊದಲಿನಿಂದ ಆಹಾರ ಪಡೆದವುಗಳಷ್ಟೇ ಚೆನ್ನಾಗಿ ದಾರಿ ಹಿಡಿದವು. ಜರ್ಮನಿಯ ವೋಲ್ಫ್‌ಗಾಂಗ್ ಕೋಹ್ಲರ್ ಟೆನೆರಿಫ್ ದ್ವೀಪದಲ್ಲಿ ಸಾಕಿದ್ದ ಸುಲ್ತಾನ್ ಎಂಬ ಚಿಂಪಾಂಜಿ ಎರಡು ಕೋಲು ಸಿಕ್ಕಿಸಿ ಉದ್ದ ಮಾಡಿ ಬಾಳೆಹಣ್ಣು ಎಳೆದುಕೊಂಡಿತು. ಇದು ಒಳನೋಟದ ಕಲಿಕೆ. ಅಡಿಕೆ ಕೊಯ್ಯುವ ನಮ್ಮ ಫೈಬರ್ ದೋಟಿಯ ಉಪಾಯ ಚಿಂಪಾಂಜಿಗೂ ಹೊಳೆದಿತ್ತು ಎನ್ನಬಹುದು.

ಮನುಷ್ಯನಲ್ಲಿ ಸೇರುವುದು ಮಾತು

ಮೇಲಿನ ಎಲ್ಲ ಬಗೆಗಳೂ ನಮ್ಮಲ್ಲಿವೆ. ಅದರ ಮೇಲೆ ಭಾಷೆ ಇದೆ: 'ತಂತಿ ಮುಟ್ಟಬೇಡ' ಎಂದರೆ ಸಾಕು, ಮುಟ್ಟಿ ನೋಡಬೇಕಿಲ್ಲ. ಆದರೆ ಕೇಳಿ, ಓದಿ ಕಲಿತದ್ದು ಸೋರುವುದೂ ಬೇಗ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರುಹೊಡೆದು ಅಳೆದಾಗ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಜಾರಿತ್ತು.

ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯವರಿಗೆ ಬೇಕಾದ ಪ್ರಯೋಗ 2006ರದು. ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳಿಗೆ ಪಾಠ ಓದಿಸಿ, ಅರ್ಧ ಪಾಠಗಳನ್ನು ಮತ್ತೊಮ್ಮೆ ಓದಿಸಿದರು, ಉಳಿದವನ್ನು ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಮತ್ತೆ ಓದಿದ್ದೇ ಮುಂದೆ: ಶೇ. 81ಕ್ಕೆ 75. ಒಂದು ವಾರದ ನಂತರ ತಿರುಗುಮುರುಗು: ಮತ್ತೆ ಓದಿದ್ದರಲ್ಲಿ ಶೇ. 42 ಉಳಿದಿತ್ತು, ನೆನಪಿನಿಂದ ಬರೆದದ್ದರಲ್ಲಿ ಶೇ. 56. ಮೋಸ ಹೋಗುವುದು ಇಲ್ಲಿ. ಎರಡನೆಯ ಸಲ ಓದುವಾಗ ಎಲ್ಲ ಗೊತ್ತಿರುವಂತೆ ಅನಿಸುತ್ತದೆ. ಕಣ್ಣಿಗೆ ಪರಿಚಯ ಸಿಕ್ಕಿರುತ್ತದೆ, ಕೈಗೆ ಸಿಕ್ಕಿರುವುದಿಲ್ಲ. ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆದು, ಬಿಟ್ಟುಹೋದದ್ದನ್ನು ತೆರೆದು ನೋಡುವುದು. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಹೀಗೆಯೇ ಮತ್ತೆ. ಕೊನೆಯ ರಾತ್ರಿಯ ಮೂರು ಗಂಟೆಗಿಂತ ಬೇರೆ ಬೇರೆ ದಿನದ ಮೂರು ಗಂಟೆ ಹೆಚ್ಚು ಉಳಿಯುತ್ತದೆ.

ಪಟಾಕಿ ಹಚ್ಚುವವನೂ ಕಲಿಯುತ್ತಾನೆ

ಈಗ ಮತ್ತೆ ತೋಟಕ್ಕೆ. ಬತ್ತಿಗೆ ಬೆಂಕಿ ತಾಗಿಸಿದ ಕೂಡಲೇ ಮಂಗ ಜಾಗ ಖಾಲಿ ಮಾಡುತ್ತದೆ, ಕಣ್ಣೆದುರಿನ ಕಾಟ ತೊಲಗುತ್ತದೆ. ಬೇಡದ್ದು ತೊಲಗಿದ್ದರಿಂದ ಕ್ರಿಯೆ ಗಟ್ಟಿಯಾಗುತ್ತದೆ. ಮಾವುತನ ಕಾಲ್ಬೆರಳಿನ ಲೆಕ್ಕವೇ ಇದು, ಇಲ್ಲಿ ಆನೆಯ ಜಾಗದಲ್ಲಿ ತೋಟದ ಯಜಮಾನ. ವಾರ ಕಳೆದಂತೆ ಮಂಗ ಒಮ್ಮೆ ಓಡುತ್ತದೆ, ಎರಡು ಸಲ ಓಡುವುದಿಲ್ಲ, ಮತ್ತೊಮ್ಮೆ ಓಡುತ್ತದೆ. ಅಂದರೆ ಯಜಮಾನನಿಗೆ ಫಲ ಸಿಗುತ್ತಿರುವುದೂ ಆಗೊಮ್ಮೆ ಈಗೊಮ್ಮೆ. ಮಂಗ ಹದಿನೈದೇ ದಿನಕ್ಕೆ ಪಟಾಕಿಗೆ ಒಗ್ಗಿಕೊಂಡರೂ, ಮುಂದಿನ ಸಂತೆಗೆ ಹೋದಾಗ ಅವನು ಇನ್ನೊಂದು ಪೊಟ್ಟಣ ತರುತ್ತಾನೆ.